ಮರಳಿನ ತಟ್ಟೆಯಲ್ಲಿ ಮೊಳೆತದ್ದು

ನಮ್ಮ ಬೀದಿಯ ಕೊನೆಯ ಮನೆಯಾಕೆಯನ್ನು ಎಲ್ಲರೂ ಮೊಳಕೆಯಕ್ಕ ಎಂದೇ ಕರೆಯುತ್ತಿದ್ದರು. ಹುಲ್ಲುಗಾವಲಿನ ಸಂಶೋಧನಾ ಕೇಂದ್ರದಲ್ಲಿ ಆಕೆಗೆ ಕೆಲಸ. ಹುಲ್ಲಿನಡಿಯಿಂದ ಅಗೆದು ತಂದ ಮಣ್ಣನ್ನು ಜರಡಿ ಹಿಡಿದು, ತಟ್ಟೆಗಳಲ್ಲಿ ತೆಳ್ಳಗೆ ಹರಡಿ, ನೀರು ಚಿಮುಕಿಸಿ ಕಾಯಬೇಕು. ಎಷ್ಟೋ ಕಾಲದಿಂದ ಮಣ್ಣಿನಲ್ಲಿ ಮಲಗಿದ್ದ ಬೀಜಗಳು ಆಗ ತಲೆಯೆತ್ತುತ್ತವೆ. ಯಾವ ಗಿಡವೆಂದು ಗುರುತಾದೊಡನೆ ಅದನ್ನು ಕಿತ್ತುಬಿಡಬೇಕು. ಇಲ್ಲದಿದ್ದರೆ ಮತ್ತೊಮ್ಮೆ ಎಣಿಕೆಗೆ ಸಿಕ್ಕುತ್ತದೆ. "ಹುಟ್ಟಿಸೋಳೂ ನಾನೇ, ಕೀಳೋಳೂ ನಾನೇ" ಎಂದು ನಗುತ್ತಿದ್ದಳು. ಸಂಜೆ ಮನೆಗೆ ಬರುವಾಗ ಬೆನ್ನು ಬಿಲ್ಲಾಗಿರುತ್ತಿತ್ತು.

ಆಕೆಯ ಗಂಡ ಗೊಬ್ಬರದಣ್ಣ. ಅದೇ ಕೇಂದ್ರದ ಬಯಲಿನ ಅರ್ಧಕ್ಕೆ ವರ್ಷವರ್ಷವೂ ಗೊಬ್ಬರ ಎರಚಿದವನು. ಇನ್ನರ್ಧಕ್ಕೆ ಏನನ್ನೂ ಹಾಕುವಂತಿರಲಿಲ್ಲ; ಎರಡನ್ನೂ ಹೋಲಿಸಿ ನೋಡುವುದೇ ಪ್ರಯೋಗ. ಗೊಬ್ಬರ ಉಂಡ ಹುಲ್ಲು ಸೊಂಟದುದ್ದ ಬೆಳೆಯಿತು. ಅದರ ನೆರಳಿನಲ್ಲಿ ಗಿಡ್ಡ ಗಿಡಗಳೆಲ್ಲ ಸದ್ದಿಲ್ಲದೆ ಇಲ್ಲವಾದವು. ಅವುಗಳಲ್ಲೊಂದು ಪುಟ್ಟ ನೀಲಿ ಹೂವು. ಮದುವೆಯಾದ ಹೊಸತರಲ್ಲಿ ಇವರಿಬ್ಬರೂ ಬುತ್ತಿ ಬಿಚ್ಚುತ್ತಿದ್ದ ಮೂಲೆಯಲ್ಲಿ ಅದು ಚಾಪೆ ಹಾಸಿದಂತೆ ಅರಳಿರುತ್ತಿತ್ತು.

ಗೊಬ್ಬರದ ಪ್ರಯೋಗ ಮುಗಿದು, ತಾನೂ ನಿವೃತ್ತನಾದ ಮೇಲೆ ಆ ಹೂವು ಗೊಬ್ಬರದಣ್ಣನನ್ನು ಕೊರೆಯತೊಡಗಿತು. ಮೇಲೆ ಇಲ್ಲದಿದ್ದರೂ ಕೆಳಗೆ ಬೀಜವಿದ್ದೀತು ಎಂಬುದೊಂದೇ ಅವನ ಆಸೆ. ಹೆಂಡತಿ ಚಪ್ಪಲಿ ಬಿಡುವ ಮೊದಲೇ ಕೇಳುತ್ತಿದ್ದ: "ಬಂತೇನೇ?"

"ಬರೀ ಹುಲ್ಲು. ನೀವು ಸಾಕಿದ್ದೇ ಬರ್ತಿದೆ, ಇನ್ನೇನು ಬರುತ್ತೆ?"

ಕೊನೆಯ ಸಲ ತಂದ ಮಣ್ಣು ತಟ್ಟೆಗೆ ಬಿದ್ದಿತ್ತು. ಒಂದು ಸಂಜೆ ಆಕೆ ಬಾಗಿಲಲ್ಲೇ ಹೇಳಿದಳು: "ರೀ, ಬಂತು ಕಣ್ರೀ. ಕಾಂಡ ಕೆಂಪಗಿದೆ, ಎಲೆ ಅಂಚಲ್ಲಿ ಸಣ್ಣ ಕೂದಲು. ಅದೇ."

"ಗೊಬ್ಬರದ ಕಡೆ ಮಣ್ಣಲ್ಲೇ?"

"ಅಲ್ಲೇ. ಕೀಳೋಕೆ ಕೈ ಬರ್ಲಿಲ್ಲ."

ಗೊಬ್ಬರದಣ್ಣ ಎದ್ದವನೇ ನಮ್ಮ ಮನೆಗೆ ಬಂದ. "ಮೇಷ್ಟ್ರೇ, ನಾನು ಪೂರ್ತಿ ಕೊಂದಿಲ್ಲ" ಎಂದು ಮೆಟ್ಟಿಲ ಮೇಲೆ ಕುಳಿತ. ಅಷ್ಟು ಹಗುರಾಗಿ ಅವನು ಕುಳಿತದ್ದನ್ನು ನಾನು ಬಹಳ ದಿನಗಳಿಂದ ಕಂಡಿರಲಿಲ್ಲ.

ಮಣ್ಣಿನ ತಟ್ಟೆಗಳ ನಡುವೆ ಹುರಿದ ಮರಳಿನ ತಟ್ಟೆಯೊಂದನ್ನು ಇಡುವುದು ಅಲ್ಲಿನ ರೂಢಿ. ಅದರಲ್ಲಿ ಬೀಜವೇ ಇರುವುದಿಲ್ಲ. ಏನಾದರೂ ಮೊಳೆತರೆ ಅದು ಗಾಳಿಯಿಂದಲೋ ಬಟ್ಟೆಯಿಂದಲೋ ಉದುರಿದ್ದು ಎಂದರ್ಥ. ಆ ವಾರ ಮರಳಿನಲ್ಲಿಯೂ ಒಂದು ಮೊಳಕೆ ಬಂತು. ಕೆಂಪು ಕಾಂಡ, ಅಂಚಿನಲ್ಲಿ ಕೂದಲು. ಮೊಳಕೆಯಕ್ಕ ಎದ್ದು ಹೋಗಿ, ಮೊಳಕೆಗಳ ಎಣಿಕೆ ನಡೆಸುವ ಮೇಡಂಗೆ ಹೇಳಿದಳು. ಎರಡನ್ನೂ ಲೆಕ್ಕದಿಂದ ತೆಗೆದರು. ಆ ಮಣ್ಣಿನಲ್ಲಿ ನೀಲಿ ಹೂವಿನ ಬೀಜವಿಲ್ಲ ಎಂದಾಯಿತು.

"ಅದು ನಿಮ್ಮ ಮಣ್ಣಿಂದಲ್ಲ ರೀ, ನನ್ನ ಸ್ವೆಟರಿಂದ" ಎಂದಳು ಮನೆಗೆ ಬಂದು.

"ಸ್ವೆಟರಲ್ಲಿ ಹೂ ಬೆಳೀತಾ?"

"ಗೊಬ್ಬರ ಹಾಕದ ಕಡೆ ಕೂತು ಉಂಡೆ. ಅಲ್ಲಿ ಆ ಹೂವು ಇನ್ನೂ ಇದೆಯಲ್ಲ, ಬೀಜ ಅಂಟಿರುತ್ತೆ. ಕೊಡವದೆ ಬಂದು ತಟ್ಟೆ ಮೇಲೆ ಬಗ್ಗಿದೆ. ಇಷ್ಟು ವರ್ಷ ಮಾಡದ ತಪ್ಪು."

"ಹೇಳದೆ ಇರಬಹುದಿತ್ತಲ್ಲ."

"ಮೇಡಂಗಾ, ನಿಮಗಾ?"

ಇಬ್ಬರ ಕಾಫಿಯೂ ಆರಿಹೋಯಿತು.

ಬೆಳಗ್ಗೆ ನೋಡಿದರೆ ಗೊಬ್ಬರದಣ್ಣ ಕಿಟಕಿಯ ಬೆಳಕಿಗೆ ಸ್ವೆಟರನ್ನು ಹಿಡಿದು ತೋಳು ಮಗುಚುತ್ತಿದ್ದ.

"ಇನ್ನೂ ಅಂಟಿವೆ ಕಣೇ. ಇದನ್ನು ಹಾಕ್ಕೊಂಡು ನಾವು ಬುತ್ತಿ ಬಿಚ್ತಿದ್ದ ಆ ಮೂಲೆಯಲ್ಲಿ ಒಂದು ಸಲ ಓಡಾಡು."

"ಆ ಹುಲ್ಲಿನಡಿ ಬಿದ್ರೆ ಬೆಳಕೆಲ್ಲಿ ಸಿಗುತ್ತೆ? ನಿಮಗೇನು ತಲೆ ಕೆಟ್ಟಿದೆಯಾ?"

"ಹುಲ್ಲನ್ನು ನನಗೆ ಬಿಡು."

ಮೇಡಂ ಒಪ್ಪಿದರು. ಅಂದಿನಿಂದ ಅವನು ಆ ಮೂಲೆಯ ಹುಲ್ಲನ್ನು ಕೊಯ್ದು, ಹೊರೆ ಕಟ್ಟಿ, ಬೇಲಿಯಾಚೆ ಹೊತ್ತು ಹಾಕುತ್ತಾನೆ. ಅಲ್ಲೇ ಬಿಟ್ಟರೆ ಕೊಳೆತು ಮತ್ತೆ ಗೊಬ್ಬರವೇ ಆಗುತ್ತದೆ. ಎರಡು ಹೊರೆಗೆ ಉಸಿರು ಕಟ್ಟುತ್ತದೆ, ಕೂರುತ್ತಾನೆ. ಆಕೆ ನೋಯುವ ಮಂಡಿ ಹಿಡಿದುಕೊಂಡು, ನೀಲಿ ಹೂವಿರುವ ಕಡೆಯಿಂದ ಸುತ್ತಿ ಬಳಸಿ, ಸ್ವೆಟರ್ ಕೊಡವದೆ ಅಲ್ಲಿಗೆ ಬರುತ್ತಾಳೆ.

"ಬಂತೇನ್ರೀ?" ಈಗ ಕೇಳುವವಳು ಆಕೆ.

"ಬರೀ ಹುಲ್ಲು" ಎಂದು ಅವನು ಕುಡುಗೋಲಿಗೆ ಕೈ ಹಾಕುತ್ತಾನೆ.