ಗ್ಯಾರೇಜಿನ ಮೋಟಾರಿಗೆ ಅವಳು ಕೊಟ್ಟ ಕನೆಕ್ಷನ್

ಸ್ವೀಡನ್ನಿನ ವೆಸ್ಟೆರಾಸ್‌ನಲ್ಲಿ ನಾವಿದ್ದ ಬಾಡಿಗೆ ಮನೆಗೊಂದು ಗ್ಯಾರೇಜ್ ಇತ್ತು. ನಮ್ಮಲ್ಲಿ ಕಾರಿರಲಿಲ್ಲ. ದಿನವಿಡೀ ಆಫೀಸಿನಲ್ಲಿ ಕೋಡ್ ಬರೆಯುತ್ತಿದ್ದ ನನಗೆ ಸಂಜೆ ಕೈಯಲ್ಲಿ ಏನಾದರೂ ಮಾಡಬೇಕೆಂಬ ಆಸೆ. ಎರಡು ಸಾವಿರದ ಆರರ ಬೇಸಿಗೆಯಲ್ಲಿ, ಹಳೆ ಸಾಮಾನಿನ ಸಂತೆಯೊಂದರಲ್ಲಿ ಮರ ಕಡೆಯುವ ಲೇತ್ ಸಿಕ್ಕಿತು. ಸಹೋದ್ಯೋಗಿಯೊಬ್ಬ ತನ್ನ ಟ್ರೇಲರಿನಲ್ಲಿ ಮನೆಗೆ ತಂದು ಇಳಿಸಿಕೊಟ್ಟ.

ಅದಕ್ಕಿದ್ದದ್ದು ಮೂರು ಫೇಸಿನ ಮೋಟಾರು. ಗ್ಯಾರೇಜಿನ ಗೋಡೆಯಲ್ಲಿ ಅದಕ್ಕೆ ಬೇಕಾದ ಕೆಂಪು ಸಾಕೆಟ್ಟೂ ಇತ್ತು. ಒಡೆದಿದ್ದ ಪ್ಲಗ್ ಬಿಚ್ಚಿ ಹೊಸದು ಹಾಕಿದೆ. ಇನ್ನೇನು ಸಾಕೆಟ್ಟಿಗೆ ಚುಚ್ಚಬೇಕು, ಅಷ್ಟರಲ್ಲಿ ನನ್ನ ಹೆಂಡತಿ ಕಾಫಿ ಹಿಡಿದು ಬಂದಳು.

“ರೀ, ನಿಲ್ಲಿ. ಮೋಟಾರಿನ ಕನೆಕ್ಷನ್ ಡಬ್ಬಿ ತೆಗೆದು ನೋಡಿದ್ರಾ?”

“ಯಾಕೆ? ಓಡ್ತಾ ಇತ್ತಂತೆ ಕಣೆ.”

“ಎಲ್ಲಿ ಓಡ್ತಾ ಇತ್ತು, ಯಾವ ವೋಲ್ಟೇಜಲ್ಲಿ, ನಿಮಗೆ ಗೊತ್ತಾ? ಪ್ಲಗ್ ಕೆಳಗಿಡಿ.”

ಅವಳು ದಾವಣಗೆರೆಯಲ್ಲಿ ಎಲೆಕ್ಟ್ರಿಕಲ್ ಓದಿ, ಮದುವೆಗೆ ಮೊದಲು ಪಂಪ್‌ಸೆಟ್ ಕಾರ್ಖಾನೆಯೊಂದರಲ್ಲಿ ಮೋಟಾರ್ ಟೆಸ್ಟಿಂಗ್ ಮಾಡುತ್ತಿದ್ದವಳು. ನನ್ನ ಜೊತೆ ಸ್ವೀಡನ್ನಿಗೆ ಬಂದ ಮೇಲೆ ಎಷ್ಟೋ ಕಡೆ ಅರ್ಜಿ ಹಾಕಿದ್ದಳು. ಭಾಷೆ ಇನ್ನೂ ಸಾಲದು ಎಂಬ ಉತ್ತರವೇ ಎಲ್ಲ ಕಡೆಯಿಂದ. ಆಮೇಲಾಮೇಲೆ ಆ ಮಾತೆತ್ತುವುದನ್ನೇ ಬಿಟ್ಟಿದ್ದಳು.

ಒಳಗೆ ಹೋಗಿ ತನ್ನ ಹಳೆಯ ಮಲ್ಟಿಮೀಟರ್ ತಂದಳು. ಊರಿಂದ ಬರುವಾಗ ಸಾರಿನ ಪುಡಿಯ ಪ್ಯಾಕೆಟ್ಟುಗಳ ನಡುವೆ ಅದನ್ನು ಇಟ್ಟುಕೊಂಡು ಬಂದಿದ್ದಳೆಂದು ನನಗೆ ಅಂದೇ ತಿಳಿದದ್ದು. ಡಬ್ಬಿಯ ಮುಚ್ಚಳ ತೆಗೆದಳು. ಮೋಟಾರಿನ ಮೇಲಿನ ತಗಡಿನ ಜಿಡ್ಡು ಒರೆಸಿ, ಅಕ್ಷರ ಓದಿದಳು.

“ನೋಡಿ, ಡೆಲ್ಟಾದಲ್ಲಿ ಕಟ್ಟಿದ್ದಾರೆ, ಅದು ಕಡಿಮೆ ವೋಲ್ಟೇಜಿನ ಜೋಡಣೆ. ಇಲ್ಲಿಯ ವೋಲ್ಟೇಜಿಗೆ ಇದು ಸ್ಟಾರ್‌ನಲ್ಲಿ ಇರ್ಬೇಕು. ಹೀಗೇ ಕರೆಂಟು ಕೊಟ್ಟಿದ್ರೆ ಒಳಗೆ ಸುತ್ತಿರೋ ತಂತಿ, ವೈಂಡಿಂಗ್, ಸುಟ್ಟು ಹೋಗೋದು. ಅದು ಹೋಗ್ಲಿ, ಅರ್ಥ್ ವೈರು ನೋಡಿ.”

ಹಸಿರು-ಹಳದಿ ತಂತಿಯನ್ನು ಯಾರೋ ಕತ್ತರಿಸಿ ಟೇಪು ಸುತ್ತಿ ಬಿಟ್ಟಿದ್ದರು. ಸುಟ್ಟ ವೈಂಡಿಂಗು ಮೋಟಾರಿನ ಹೊರಮೈಗೆ ತಗುಲಿ ಕರೆಂಟು ಹರಿದು, ನಾನು ಆ ಕಬ್ಬಿಣದ ಮೇಲೆ ಕೈಯಿಟ್ಟಿದ್ದರೆ? ನನ್ನ ಸ್ಕ್ರೂಡ್ರೈವರು, ಇಕ್ಕಳ ಎಲ್ಲವನ್ನೂ ತೆಗೆದು ಅವಳ ಮುಂದಿಟ್ಟೆ.

ಆ ವಾರವೆಲ್ಲ ಗ್ಯಾರೇಜ್ ಅವಳದಾಯಿತು. ಕೇಬಲ್ ಪೂರ್ತಿ ಬದಲಾಯಿಸಿದಳು. ಡಬ್ಬಿಯೊಳಗೆ ತಂತಿಗಳನ್ನು ಜೋಡಿಸುವ ತಾಮ್ರದ ಪಟ್ಟಿಗಳನ್ನು ಸ್ಟಾರ್‌ಗೆ ಕೂರಿಸಿದಳು. ಅರ್ಥ್ ತಂತಿಯನ್ನು ಮೋಟಾರಿನ ಹೊರಮೈಗೆ ಬಿಗಿದು, ಒಂದೊಂದು ತುದಿಯನ್ನೂ ಎಳೆದು ನೋಡಿದಳು. ಲೋಡು ಹೆಚ್ಚಾದರೆ ತಾನೇ ಆಫ್ ಆಗುವ, ಕರೆಂಟು ಹೋಗಿ ಬಂದರೆ ತಾನಾಗಿ ಚಾಲೂ ಆಗದ ಸ್ವಿಚ್ಚನ್ನು ಹಾಕಿದಳು. ಕೆಲಸ ಮಾಡುತ್ತಾ ಹಾಡು ಗುನುಗುತ್ತಿದ್ದಳು. ನಾನದನ್ನು ಕೇಳಿ ಬಹಳ ಕಾಲವಾಗಿತ್ತು.

“ಗೋಡೆಯ ವೈರಿಂಗ್ ಮಾತ್ರ ನಾವು ಮುಟ್ಟೋ ಹಾಗಿಲ್ಲ. ಲೈಸೆನ್ಸ್ ಇರೋರು ಬಂದು ಸಾಕೆಟ್ ಚೆಕ್ ಮಾಡ್ಲಿ,” ಎಂದಳು. ಮನೆ ಮಾಲೀಕರು ಕಳಿಸಿದ ಎಲೆಕ್ಟ್ರಿಷಿಯನ್ ಐವತ್ತರ ಆಸುಪಾಸಿನ ಹೆಂಗಸು. ಸಾಕೆಟ್ ಪರೀಕ್ಷಿಸಿ, ಸಡಿಲವಾಗಿದ್ದೊಂದು ತಂತಿಯನ್ನು ಬಿಗಿದು, ಆಮೇಲೆ ಮೋಟಾರಿನ ಡಬ್ಬಿಯೊಳಗೆ ಬಗ್ಗಿ ನೋಡಿದರು.

“ಇದನ್ನು ಮಾಡಿದವರು ಯಾರು?” ಎಂದು ಸ್ವೀಡಿಷ್‌ನಲ್ಲಿ ಕೇಳಿದರು.

ಎಂದಿನ ಅಭ್ಯಾಸದಂತೆ ನಾನೇ ಉತ್ತರಿಸಲು ಹೊರಟೆ. ಹೆಂಡತಿ ನನ್ನ ತೋಳು ಮುಟ್ಟಿ ತಡೆದು, ಅವರದೇ ಭಾಷೆಯಲ್ಲಿ, “ನಾನು ಮಾಡಿದ್ದು,” ಎಂದಳು.

ಇಬ್ಬರೂ ಮಾತಿಗಿಳಿದರು. ವೈಂಡಿಂಗ್‌ಗೆ ಸ್ವೀಡಿಷ್ ಪದ ತಿಳಿಯದೆ ಇವಳು ಬೆರಳಿಂದ ಗಾಳಿಯಲ್ಲಿ ಸುತ್ತಿ ತೋರಿಸಿದಳು. ಅವರು ನಕ್ಕು ಪದ ಹೇಳಿಕೊಟ್ಟರು. ನಾನು ಫಿಕಾಗೆಂದು, ಅಂದರೆ ಇಲ್ಲಿಯವರ ಕಾಫಿ-ತಿಂಡಿಯ ಬಿಡುವಿಗೆಂದು, ಕಾಫಿಯನ್ನೂ ಕೋಡುಬಳೆಯನ್ನೂ ತಂದಿಟ್ಟು ಸುಮ್ಮನೆ ಪಕ್ಕಕ್ಕೆ ಸರಿದೆ. ಹೊರಡುವಾಗ ಆಕೆ, ತಮ್ಮ ಪರಿಚಯದವರ ಮೋಟಾರ್ ರಿಪೇರಿ ಅಂಗಡಿಯಲ್ಲಿ ಜನ ಬೇಕಾಗಿದ್ದಾರೆಂದೂ ತಾವೇ ಮಾತಾಡುವುದಾಗಿಯೂ ಹೇಳಿದರು.

ಹೇಳಿದಂತೆ ಮಾತಾಡಿದರು ಕೂಡ. ಇವಳು ಮೊದಲು ಅರ್ಧ ದಿನದ ಕೆಲಸಕ್ಕೆ ಹೋದಳು. ಚಳಿಗಾಲ ಬರುವ ಹೊತ್ತಿಗೆ ಅದು ಪೂರ್ತಿ ಕೆಲಸವಾಯಿತು. ಸಂಜೆ ಮನೆಗೆ ಬಂದು ಕೋಟು ಬಿಚ್ಚುತ್ತಲೇ ಅಂದಿನ ಮೋಟಾರುಗಳ ಕತೆ ಶುರು. ನಾನು ಒಲೆಯ ಮುಂದೆ ನಿಂತು ಚಪಾತಿ ಬೇಯಿಸುತ್ತಾ ಕೇಳುತ್ತಿದ್ದೆ. ಆ ಎಲೆಕ್ಟ್ರಿಷಿಯನ್ನಿಗೆ ಆಗಲೇ ಧನ್ಯವಾದ ಹೇಳಿದ್ದೆ. ಅಂದು ಪ್ಲಗ್ ಚುಚ್ಚದಂತೆ ತಡೆದದ್ದಕ್ಕೆ ಹೆಂಡತಿಗೆ ಹೇಳಹೋದರೆ ಮಾತ್ರ, “ಚಪಾತಿ ಸೀದು ಹೋಗ್ತಿದೆ, ನೋಡಿ,” ಎನ್ನುತ್ತಿದ್ದಳು.