ಶಾಲೆಗೆ ಇಪ್ಪತ್ತೈದೂವರೆ ಹಟ್ಟಿ

ನಮ್ಮ ಮನೆಯ ಹಿತ್ತಲಿನಿಂದ ಶಾಲೆಯ ಮೂರನೇ ಇಯತ್ತೆಯ ತರಗತಿಯ ಕಿಟಕಿಯವರೆಗೆ ಆರುನೂರ ಹನ್ನೆರಡು ಹೆಜ್ಜೆ. ಇದು ನನ್ನ ಮುತ್ಯಾ, ಅಂದರೆ ಅಪ್ಪನ ಅಪ್ಪ, ಅಂಬಾದಾಸನ ಹೆಜ್ಜೆ. ಅವನ ಹಿಂದೆ ನಡೆದು ನಾನು ಎರಡು ಸಲ ಎಣಿಸಿದ್ದೇನೆ. ಒಮ್ಮೆ ಆರುನೂರ ಹದಿನಾಲ್ಕು ಬಂತು, ಆದರೆ ಆ ದಿನ ಅವನು ನಡುವೆ ನಿಂತು ಕಾಲಿನ ಮುಳ್ಳು ತೆಗೆದಿದ್ದ, ಹಾಗಾಗಿ ಅದನ್ನು ಬಿಟ್ಟಿದ್ದೇನೆ. ಮುತ್ಯಾನ ಕುರಿಹಟ್ಟಿಯ ಅಗಲ ಇಪ್ಪತ್ತನಾಲ್ಕು ಹೆಜ್ಜೆ. ಅಂದರೆ ಮನೆಯಿಂದ ಶಾಲೆ ಇಪ್ಪತ್ತೈದೂವರೆ ಹಟ್ಟಿ ದೂರ. ಶಾಲೆಯ ದೂರವನ್ನು ಹೀಗೆ ಅಳೆದವರು ಉದಗೀರ ತಾಲೂಕಿನಲ್ಲಿ ಬೇರೆ ಯಾರೂ ಇರಲಿಕ್ಕಿಲ್ಲ. ಆದರೆ ನಾನು ವಿಚಾರಿಸಿಲ್ಲ.

ನಮ್ಮ ಊರು ಉದಗೀರದಿಂದ ಜಳಕೋಟಕ್ಕೆ ಹೋಗುವ ರಸ್ತೆಯ ಎಡಕ್ಕಿದೆ. ಮುತ್ಯಾನಿಗೆ ಅರವತ್ತೆಂಟು ವರ್ಷ. ಶಾಲೆಯೊಳಗೆ ಅವನು ಹೋಗಿದ್ದು ಮತ ಹಾಕಲು ಮಾತ್ರ. ಸುಗ್ಗಿಯಾದ ಮೇಲೆ ಬರಿದಾದ ಹೊಲಗಳಲ್ಲಿ ಕುರಿ ತರುಬುವುದು ಅವನ ಕೆಲಸ. ನಾಲ್ಕು ಕಡೆ ಗೂಟ ನೆಟ್ಟು ಬಲೆ ಕಟ್ಟಿದರೆ ಹಟ್ಟಿ ಆಯಿತು. ರಾತ್ರಿಯೆಲ್ಲ ಕುರಿಗಳು ಅದರೊಳಗಿದ್ದು ನೆಲಕ್ಕೆ ಗೊಬ್ಬರ ಕೊಡುತ್ತವೆ. ಮರುದಿನ ಬೆಳಿಗ್ಗೆ ಹಟ್ಟಿಯನ್ನು ಅದರ ಅಗಲದಷ್ಟೇ ಮುಂದಕ್ಕೆ ಹೊರಳಿಸಬೇಕು. ಆಗ ಮೂರು ಕಡೆಯ ಬಲೆಯನ್ನಷ್ಟೇ ಕೀಳುತ್ತಾರೆ. ನಾಲ್ಕನೆಯ ಬಲೆ ಅಲ್ಲಿಯೇ ಇರುತ್ತದೆ. ನಿನ್ನೆಯ ಹಟ್ಟಿಯ ಮುಂದಿನ ಗೋಡೆ ಇಂದಿನ ಹಟ್ಟಿಯ ಹಿಂದಿನ ಗೋಡೆ. ಒಂದು ಗೋಡೆ ಹಳೆಯದಿದ್ದರೆ ಕುರಿಗೆ ಜಾಗ ಬದಲಾದದ್ದು ತಿಳಿಯುವುದಿಲ್ಲ ಎಂದು ಮುತ್ಯಾ ಹೇಳುತ್ತಾನೆ.

ಕಾಜಲ ನನ್ನ ತಂಗಿ, ಮೂರನೇ ಇಯತ್ತೆ. ದೀಪಾವಳಿ ರಜೆ ಮುಗಿದ ಮೇಲೆ ಅವಳಿಂದ ಶಾಲೆಗೆ ಹೋಗಲು ಆಗಲಿಲ್ಲ. ಹೋಗುವುದಿಲ್ಲ ಎಂದು ಅವಳು ಒಮ್ಮೆಯೂ ಹೇಳಲಿಲ್ಲ. ಪ್ರತಿದಿನ ಸಮವಸ್ತ್ರ ಹಾಕಿಕೊಂಡು, ಎರಡು ಜಡೆ ಹಾಕಿಸಿಕೊಂಡು ಹೊರಡುತ್ತಿದ್ದಳು. ಶಾಲೆಯ ಬೇವಿನ ಮರ ಕಂಡ ಕೂಡಲೇ ವಾಂತಿ ಮಾಡಿ ತಿರುಗಿ ಬರುತ್ತಿದ್ದಳು. ಅವಳನ್ನು ಯಾರೂ ಹೊಡೆದಿರಲಿಲ್ಲ, ಯಾರೂ ಬೈದಿರಲಿಲ್ಲ. ಅವಳ ಶಿಕ್ಷಕಿ ಶುಭಾಂಗಿ ಬಾಯಿ ಮನೆಗೇ ಬಂದು ಕರೆದರು. ಉದಗೀರದ ಡಾಕ್ಟರು ಹೊಟ್ಟೆ ಒತ್ತಿ ನೋಡಿ ಔಷಧ ಕೊಟ್ಟರು. ಅದು ಸಿಹಿ ಇದ್ದದ್ದರಿಂದ ಮೂರು ದಿನದಲ್ಲಿ ಮುಗಿಯಿತು. ಏನಾಗುತ್ತದೆ ಎಂದು ಕೇಳಿದರೆ ಕಾಜಲ, “ಹೊಟ್ಯಾಗ ಏನೋ ಓಡ್ತದ. ಅದರ ಹಿಂದ ನಾನೂ ಓಡ್ತೀನಿ” ಎನ್ನುತ್ತಿದ್ದಳು.

ನಮ್ಮ ಅಪ್ಪ ಸುನಿಲ ಉದಗೀರದ ಧಾನ್ಯದ ಅಡತಿ ಅಂಗಡಿಯಲ್ಲಿ ಟೆಂಪೋ ಓಡಿಸುತ್ತಾನೆ. ಶಿವರಾತ್ರಿಯ ದಿನ ಅವನು ಫಲಾಹಾರಕ್ಕೆ ಕುಳಿತು ತೀರ್ಮಾನ ಹೇಳಿದ.

“ಯುಗಾದಿ ತನಕ ನೋಡ್ತೀನಿ. ಆಮ್ಯಾಲ ಲಾತೂರ ಹಾಸ್ಟೆಲಿಗಿ ಹಾಕ್ತೀನಿ. ಅಲ್ಲಿ ಸಾಲಿನೂ ಅಲ್ಲೇ, ಮನಿನೂ ಅಲ್ಲೇ. ಎಲ್ಲಿಗಿ ಓಡ್ತಾಳ ನೋಡೂಣು.”

ಕಾಜಲ ಆ ದಿನ ಶಾಲೆಗೆ ಹೊರಡದೆಯೇ ವಾಂತಿ ಮಾಡಿದಳು.

“ಸುನ್ಯಾ, ಹೊಸಾ ಹಟ್ಟ್ಯಾಗ ಕುರಿ ಹೊಡದು ತುಂಬಿದ್ರ ಏನಾಗ್ತದ?” ಎಂದು ಮುತ್ಯಾ ಕೇಳಿದ.

“ನನಗೇನ್ ಗೊತ್ತಪಾ, ನಾ ಟೆಂಪೋ ಹೊಡೀತೀನಿ.”

“ಅದಕ್ಕs ಕೇಳ್ದೆ.”

ಎರಡು ವರ್ಷದ ಹಿಂದೆ ನಾನು ಎಂಟನೇ ಇಯತ್ತೆಯಲ್ಲಿ ಶಾಲೆ ಬಿಟ್ಟಾಗ ಮುತ್ಯಾ ಕುರಿಗಳ ಜೊತೆ ನಿಲಂಗಾದ ಕಡೆ ಇದ್ದ. ಅವನು ತಿರುಗಿ ಬರುವಷ್ಟರಲ್ಲಿ ನನ್ನ ಪುಸ್ತಕಗಳು ಬೇರೆಯವರ ಮನೆ ಸೇರಿದ್ದವು. ಈ ಸಲ ಅವನು ನಿಲಂಗಾಕ್ಕೆ ಹೊರಡಲಿಲ್ಲ.

ಮರುದಿನ ಬೆಳಿಗ್ಗೆ ಅವನು ಕುರಿ ಕಾಯುವವರ ದೇವರು ಬೀರಪ್ಪನ ಹೆಸರು ಹೇಳಿ ಮೊದಲ ಗೂಟಕ್ಕೆ ಭಂಡಾರದ ಅರಿಶಿನ ಹಚ್ಚಿ, ಉಳಿದದ್ದನ್ನು ಕಾಜಲಳ ಹಣೆಗೆ ಹಚ್ಚಿದ. ಹಿತ್ತಲ ಗೋಡೆಯನ್ನೇ ಹಳೆಯ ಗೋಡೆ ಎಂದು ಹಿಡಿದು ಮೊದಲ ಹಟ್ಟಿ ಕಟ್ಟಿದ. ಹಗಲಿನಲ್ಲಿ ದೊಡ್ಡ ಕುರಿಗಳು ಮೇಯಲು ಹೋಗುತ್ತವೆ, ಮರಿಗಳು ಹಟ್ಟಿಯಲ್ಲೇ ಉಳಿಯುತ್ತವೆ. ಆ ಮೂವತ್ತೊಂದು ಮರಿಗಳ ನಡುವೆ ಕಾಜಲ ಸಮವಸ್ತ್ರದಲ್ಲಿ ಹತ್ತರಿಂದ ಐದರವರೆಗೆ ಪುಸ್ತಕ ಹಿಡಿದು ಕೂರಬೇಕು, ದಿನಕ್ಕೊಂದು ಹಟ್ಟಿ ಶಾಲೆಯ ಕಡೆ ಹೊರಳಬೇಕು ಎಂಬುದು ಮುತ್ಯಾನ ಯೋಜನೆ.

“ಪೋರಿ ಸಾಲಿಗಿ ಹೋಗೂದು ಬ್ಯಾಡ. ಹಟ್ಟಿ ಹೋಗ್ತದ. ಆಕಿ ಹಟ್ಟ್ಯಾಗ ಕುಂದ್ರಲಿ ಸಾಕು” ಎಂದ.

ಅವನು ಅವಳ ಜೊತೆ ಕೂರಬೇಕಾದ್ದರಿಂದ ಕುರಿ ಮೇಯಿಸುವುದು ನಮ್ಮ ಆಯಿ, ಮುತ್ಯಾನ ಹೆಂಡತಿ ಗುರಮ್ಮಳ ಪಾಲಿಗೆ ಬಂತು. “ಸಾಲಿ ಕಲಿಯಾಕಿ ನೆರಳಾಗ, ಕುರಿ ಕಾಯಾಕಿ ನಾ ಬಿಸಲಾಗ. ಈ ವಯಸ್ಸಿನ್ಯಾಗ ನನಗ ಬಡ್ತಿ ಸಿಕ್ತು ನೋಡ್ರಿ” ಎಂದು ಅವಳು ಹಾದಿಯಲ್ಲಿ ಸಿಕ್ಕವರಿಗೆಲ್ಲ ಹೇಳಿಕೊಂಡು ಹೋಗುತ್ತಿದ್ದಳು.

ಭಾನುವಾರ ಶಾಲೆಗೆ ರಜೆ, ಆದರೆ ಹಟ್ಟಿಗೆ ರಜೆ ಇಲ್ಲ. ಕಾಜಲ ಎರಡು ಭಾನುವಾರವೂ ಕುಳಿತಳು. ಆ ತಿಂಗಳು ಶಾಲೆಗೆ ಹೋದ ಯಾವ ಮಗುವಿಗಿಂತಲೂ, ಹೋಗದ ಇವಳ ಹಾಜರಿ ಹೆಚ್ಚು. ಹುಟ್ಟಿನಿಂದಲೇ ಮೂರು ಕಾಲಿನ ಮರಿಯೊಂದಿತ್ತು. ಅದಕ್ಕೆ ತಿಪಾಯಿ ಎಂದು ಹೆಸರಿಟ್ಟು ತೊಡೆಯ ಮೇಲೆ ಕೂರಿಸಿಕೊಂಡು ಕಾಜಲ ಪಾಠ ಓದುತ್ತಿದ್ದಳು. ವಾಂತಿ ನಿಂತಿತು.

ಅಷ್ಟರಲ್ಲಿ ಊರಿನ ರೈತರಿಗೆ ಒಂದು ವಿಷಯ ಹೊಳೆಯಿತು: ಕಾಜಲ ಓದಿದ ಹೊಲಕ್ಕೆಲ್ಲ ಗೊಬ್ಬರ ಬೀಳುತ್ತಿದೆ. ಅವಳ ವಿದ್ಯಾಭ್ಯಾಸದ ಬಗ್ಗೆ ಊರಿಗೆ ಇಷ್ಟು ಕಾಳಜಿ ಹಿಂದೆ ಎಂದೂ ಇರಲಿಲ್ಲ.

“ಅಂಬಾದಾಸ ಕಾಕಾ, ನಮ್ಮ ಹೊಲದಾಗಿಂದ ಸಾಲಿಗಿ ಸೀದಾ ಹಾದಿ ಅದ” ಎಂದು ಅಮೋಘಸಿದ್ಧ ಎಂಬವನು ಹಗ್ಗ ತಂದು ಅಳೆದು ತೋರಿಸಿದ. ಅವನ ಹೊಲ ಶಾಲೆಗೆ ವಿರುದ್ಧ ದಿಕ್ಕಿನಲ್ಲಿತ್ತು.

“ಅಲ್ಲಿಂದ ಸಾಲಿ ದೂರ ಆಗ್ತದಲೋ.”

“ದೂರ ಆದ್ರೇನು? ಭೂಮಿ ಗುಂಡs ಅದ, ಕಾಕಾ.”

ಇನ್ನೊಬ್ಬ ಕಾಜಲಳ ಬಳಿಯೇ ಬಂದು, “ಇಷ್ಟ್ಯಾಕ ಗಡಬಡಿ ಅವ್ವಾ? ನಮ್ಮ ಹೊಲದಾಗ ಎರಡು ದಿನ ಕುಂತು ಪಾಠಾ ಗಟ್ಟಿ ಮಾಡ್ಕೋ” ಎಂದ.

ಹದಿನಾಲ್ಕನೆಯ ಹಟ್ಟಿಗೆ ತೊಂದರೆ ಬಂತು. ಮುಂದಿನದು ಗುರುಲಿಂಗಪ್ಪ ಸಾವಕಾರರ ಹೊಲ. ಅವರಿಗೆ ಉದಗೀರದಲ್ಲಿ ಕಿರಾಣಿ ಅಂಗಡಿ, ನಮ್ಮೂರಲ್ಲಿ ಜಮೀನು. ಅದರಲ್ಲಿ ನಾಲ್ಕು ಹಟ್ಟಿಯಷ್ಟು ಅಗಲಕ್ಕೆ ಜೋಳ ನಿಂತಿತ್ತು. ಎಲ್ಲರ ಸುಗ್ಗಿ ಮುಗಿದಿದ್ದರೂ ಅವರದು ತಡವಾಗಿ ಬಿತ್ತಿದ ಬೆಳೆ. “ಇನ್ನ ಹತ್ತು ದಿನ ಬೇಕು. ಹುಡುಗಿ ಸಲುವಾಗಿ ಹಸಿ ಜ್ವಾಳ ಕೊಯ್ಲೇನು?” ಎಂದರು.

ಯುಗಾದಿಗೆ ಹದಿನೆಂಟು ದಿನ ಉಳಿದಿತ್ತು. ಅವಸರಕ್ಕೆ ಬಿದ್ದು ಮುತ್ಯಾ ಐವತ್ತು ವರ್ಷದಲ್ಲಿ ಎಂದೂ ಮಾಡದ ತಪ್ಪು ಮಾಡಿದ. ನಾಲ್ಕೂ ಕಡೆಯ ಬಲೆಯನ್ನು ಕಿತ್ತು, ಜೋಳವನ್ನು ಸುತ್ತಿ ಹೋಗಿ, ಆಚೆ ಬದಿಯಲ್ಲಿ ಹಟ್ಟಿ ಕಟ್ಟಿದ.

ಕಾಜಲ ಒಳಗೆ ಕುಳಿತಳು. ಪುಸ್ತಕ ತೆಗೆದಳು. ಮುಂದೆ ನೋಡಿದಳು, ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು, ಕೊನೆಗೆ ಹಿಂದೆ ನೋಡಿದಳು. ಬೇವಿನ ಮರ ಹತ್ತಿರವೇ ಇತ್ತು. ತಿಪಾಯಿಯನ್ನು ಎತ್ತಿಕೊಂಡು ಬಲೆ ಹಾರಿ ಓಡಿದಳು. ಉಳಿದ ಮೂವತ್ತು ಮರಿಗಳು ಬಲೆ ಕೆಡವಿ ಅವಳ ಹಿಂದೆ ಓಡಿದವು. ಮುತ್ಯಾ ಮರಿಗಳ ಹಿಂದೆ ಓಡಿದ. ಅವರು ಊರ ನಡುವಿನಿಂದ ಹಾದುಹೋದಾಗ ಚಹದ ಅಂಗಡಿಯಲ್ಲಿ ಕುಳಿತಿದ್ದವರೊಬ್ಬರು, “ಸಾಲಿ ಬಿಡ್ತೇನು?” ಎಂದು ಕೇಳಿದರಂತೆ.

ಮೂರು ದಿನ ಅವಳು ಹಿತ್ತಲಿಗೂ ಬರಲಿಲ್ಲ. ಅಪ್ಪ ಹಾಸ್ಟೆಲಿನ ಅರ್ಜಿ ತಂದು ದೇವರ ಮುಂದೆ ಇಟ್ಟ. ಯುಗಾದಿಯ ಹಿಂದಿನ ದಿನ ಅದನ್ನು ಕೊಡಬೇಕಿತ್ತು.

“ತಪ್ಪು ಕುರೀದಲ್ಲ. ನಂದು. ಒಂದು ಗ್ವಾಡಿ ಹಳೀದಿರಬೇಕು, ನಾನs ಮರತೆ” ಎಂದು ಮುತ್ಯಾ ಹೊಸ್ತಿಲ ಮೇಲೆ ಕುಳಿತು ಹೇಳಿದ.

“ಆಕಿಗಿ ಕುರಿ ಅನ್ಬ್ಯಾಡ್ರಿ” ಎಂದಳು ಆಯಿ.

“ಕುರಿಗಿ ನಾ ಎಂದರ ಬೈದೀನೇನು?”

ಮತ್ತೆ ಮೊದಲಿನಿಂದ ಶುರುಮಾಡಿದರೆ ದಿನ ಸಾಲುತ್ತಿರಲಿಲ್ಲ. ಆದರೆ ತಾನು ಹಿಕ್ಕೆ ಹಾಕಿದ ನೆಲದಲ್ಲಿ ಕುರಿ ತಡೆಯಿಲ್ಲದೆ ನಡೆಯುತ್ತದೆ ಎಂದು ಮುತ್ಯಾನಿಗೆ ಗೊತ್ತಿತ್ತು. ಅವನು ಕಾಜಲಳ ಕೈಗೆ ತಿಪಾಯಿಯನ್ನು ಕೊಟ್ಟು ಹಳೆಯ ಹಟ್ಟಿಗಳ ಕಪ್ಪು ಚೌಕಗಳ ಮೇಲೆ ನಡೆಸಿದ. ಇಲ್ಲಿ ನೀನು ಏಳರ ಮಗ್ಗಿ ಕಲಿತಿ, ಇಲ್ಲಿ ನಿನ್ನ ಪೆನ್ಸಿಲನ್ನು ಮರಿ ತಿಂದಿತು ಎಂದು ಒಂದೊಂದನ್ನೂ ತೋರಿಸಿದ. ಎರಡು ದಿನದಲ್ಲಿ ಅವಳು ಹದಿನಾಲ್ಕು ಚೌಕ ದಾಟಿ ಜೋಳದ ಮುಂದೆ ಬಂದು ನಿಂತಳು. ಮುತ್ಯಾ ಅಲ್ಲಿ ಹದಿನಾಲ್ಕನೆಯ ಹಟ್ಟಿಯನ್ನು ಮತ್ತೆ ಕಟ್ಟಿದ. ಉಳಿದದ್ದು ಹನ್ನೊಂದೂವರೆ ಹಟ್ಟಿ.

ಆ ಹೊತ್ತಿಗೆ ಗುರುಲಿಂಗಪ್ಪ ಸಾವಕಾರರು ಸ್ಕೂಟರಿನಲ್ಲಿ ಬಂದರು. ಅಕ್ಕಪಕ್ಕದವರ ಹೊಲಗಳನ್ನು ನೋಡಿ ಅವರ ಮನಸ್ಸು ಬದಲಾಗಿತ್ತು.

“ಅಂಬಾದಾಸ, ಹೆಣ್ಣುಮಗಳ ಶಿಕ್ಷಣ ನಿಲ್ಲಬಾರದಪಾ.”

“ನಿಂತದ್ದು ನಿಮ್ಮ ಜ್ವಾಳರೀ, ಸಾವಕಾರ್ರ.”

“ಇವತ್ತೇ ಕೊಯ್ಸ್ತೀನಿ. ಆದ್ರ ನನ್ನ ಹೊಲದಾಗ ಆಕಿ ಆರು ದಿನ ಓದಬೇಕು.”

“ನಾಕs ರೀ. ಪರೀಕ್ಷಾ ಹತ್ರ ಅದ.”

ಜೋಳ ಬಿತ್ತು, ಹಟ್ಟಿ ಹೊರಳಿತು. ಹತ್ತೊಂಬತ್ತನೆಯ ಹಟ್ಟಿಗೆ ಶುಭಾಂಗಿ ಬಾಯಿಯ ದನಿ ಕೇಳತೊಡಗಿತು. ಅವರು ಪ್ರಶ್ನೆ ಕೇಳಿದರೆ ಕಾಜಲ ತಿಪಾಯಿಯ ಕಿವಿಯಲ್ಲಿ ಉತ್ತರ ಹೇಳುತ್ತಿದ್ದಳು. ಶಾಲೆಗೆ ಕಂಪೌಂಡು ಮೂರು ಕಡೆ ಮಾತ್ರ ಇದೆ, ನಾಲ್ಕನೆಯದು ಮಂಜೂರಾಗಿದೆ. ಆ ಬದಿಯಿಂದ ಹಟ್ಟಿ ಮೈದಾನದೊಳಗೆ ಬಂತು.

ಶುಭಾಂಗಿ ಬಾಯಿ ಹಾಜರಿ ಪುಸ್ತಕ ಹಿಡಿದು ಬಂದು ಹಟ್ಟಿಗೆ ಒಂದು ಸುತ್ತು ಹಾಕಿದರು. “ಮುತ್ಯಾ, ಅರ್ಧಾ ಹಟ್ಟಿ ಸಾಲಿ ಜಾಗಾದಾಗ ಅದ, ಅರ್ಧಾ ಹೊರಗದ. ಕಾಜಲ ಯಾ ಅರ್ಧದಾಗ ಕುಂತಾಳ?”

“ಹೊರಗಿನ ಅರ್ಧದಾಗ್ರಿ.”

“ಹಂಗಾರ ಇವತ್ತ ಗೈರುಹಾಜರಿ. ನಾಳಿ ನೋಡೂಣು.”

ಕೊನೆಯ ಅರ್ಧ ಹಟ್ಟಿ ಯುಗಾದಿಯ ಹಿಂದಿನ ದಿನಕ್ಕೆ ಬಂತು. ಮೂರನೇ ಇಯತ್ತೆಯ ಗೋಡೆಯೇ ಮುಂದಿನ ಗೋಡೆಯಾಯಿತು. ಬಲೆಯನ್ನು ಕಿಟಕಿಯ ಸರಳುಗಳಿಗೆ ಕಟ್ಟಿದರು. ಕಾಜಲ ಕಿಟಕಿಯ ಕೆಳಗೆ ಹೊರಗೆ, ಉಳಿದ ಮಕ್ಕಳು ಒಳಗೆ. ನಡುವೆ ಇದ್ದದ್ದು ಒಂಬತ್ತಿಂಚಿನ ಗೋಡೆ. ಅದನ್ನು ಹೊರಳಿಸುವ ವಿದ್ಯೆ ಮುತ್ಯಾನಿಗೆ ಬರುತ್ತಿರಲಿಲ್ಲ. ಸಂಜೆ ಅಪ್ಪ ಅರ್ಜಿ ಒಯ್ಯುವವನಿದ್ದ.

ಅದೇ ದಿನ ತಪಾಸಣೆಗೆ ಉದಗೀರದಿಂದ ಸಾಹೇಬರು ಬಂದರು. ತರಗತಿಯೊಳಗೆ ನಿಂತು ಕಿಟಕಿಯಾಚೆ ನೋಡಿ, “ಏನ್ರಿ ಬಾಯಿ ಇದು?” ಎಂದರು.

“ಪರಿಸರ ಅಭ್ಯಾಸ, ಸರ್. ಪ್ರತ್ಯಕ್ಷ” ಎಂದರು ಬಾಯಿ.

ಸಾಹೇಬರಿಗೆ ಸಂತೋಷವಾಯಿತು. ಮಕ್ಕಳನ್ನು ಕಿಟಕಿಯ ಬಳಿ ನಿಲ್ಲಿಸಿ, “ಮೂವತ್ತೊಂದು ಮರಿ ಅವಂತ. ಒಟ್ಟು ಕಾಲು ಎಷ್ಟು?” ಎಂದು ಕೇಳಿದರು. ಒಳಗಿನವರು ಬೆರಳು ಮಡಚುತ್ತಿರುವಾಗ ಕಿಟಕಿಯ ಕೆಳಗಿನಿಂದ ಸಣ್ಣ ದನಿ ಬಂತು.

“ನೂರಾ ಇಪ್ಪತ್ತಮೂರು.”

“ತಪ್ಪು. ನೂರಾ ಇಪ್ಪತ್ತನಾಲ್ಕು” ಎಂದರು ಸಾಹೇಬರು.

“ನೂರಾ ಇಪ್ಪತ್ತಮೂರ್ರಿ.”

“ಯಾರದು? ನಾಕರ ಮಗ್ಗಿ ಬರೂದಿಲ್ಲೇನು?”

ಕಾಜಲ ಎದ್ದಳು. ತಿಪಾಯಿಯನ್ನು ಎದೆಗೆ ಅವಚಿಕೊಂಡು, ಬಲೆ ದಾಟಿ, ಕಟ್ಟೆ ಹತ್ತಿ, ಬಾಗಿಲಿನಿಂದ ಒಳಗೆ ಬಂದು, ಮರಿಯನ್ನು ಸಾಹೇಬರ ಮೇಜಿನ ಮೇಲೆ ಇಟ್ಟಳು. “ಎಣಸ್ರಿ” ಎಂದಳು.

ಸಾಹೇಬರು ಎಣಿಸಿದರು. ಮರಿಯನ್ನು ತಿರುಗಿಸಿ ಇನ್ನೊಂದು ಬದಿಯಿಂದಲೂ ಎಣಿಸಿದರು. ಆಮೇಲೆ, “ಬರೋಬರಿ ಅದ” ಎಂದರು.

ತಾನು ಎಲ್ಲಿ ನಿಂತಿದ್ದೇನೆ ಎಂಬುದು ಕಾಜಲಳಿಗೆ ಆಗ ತಿಳಿಯಿತು. ಅವಳು ಮುಂದೆ ನೋಡಿದಳು, ಎಡಕ್ಕೆ, ಬಲಕ್ಕೆ ನೋಡಿದಳು. ಹಿಂದೆ ತಿರುಗಿದಾಗ ಕಿಟಕಿಯ ತುಂಬ ಹಟ್ಟಿಯ ಬಲೆ ಇತ್ತು. ಮುತ್ಯಾ ಹೊರಗೆ ನಿಂತು ಅದನ್ನು ಎರಡೂ ಕೈಯಿಂದ ಮೇಲಕ್ಕೆ ಎತ್ತಿ ಹಿಡಿದಿದ್ದ. ಅವಳು ಹೋಗಿ ಅದರ ಕೆಳಗೆ ಕುಳಿತಳು. ಬಾಯಿ ಹಾಜರಿ ಹಾಕಿದರು. ಐದು ಗಂಟೆಯವರೆಗೆ ಯಾರೂ ವಾಂತಿ ಮಾಡಲಿಲ್ಲ. ತಿಪಾಯಿ ಮೇಜಿನ ಮೇಲೆ ಮಾಡಿದ್ದು ಬೇರೆ.

ಸಂಜೆ ಅಪ್ಪ ಬಂದಾಗ ದೇವರ ಮುಂದೆ ಅರ್ಜಿ ಇರಲಿಲ್ಲ. ಆಯಿ ಅದನ್ನು ಹೋಳಿಗೆಯ ಎಣ್ಣೆ ಹೀರಲು ಡಬ್ಬಿಯ ತಳಕ್ಕೆ ಹಾಕಿದ್ದಳು. ಅಪ್ಪ ಡಬ್ಬಿ ತೆಗೆದು ನೋಡಿದ, ಒಂದು ಹೋಳಿಗೆ ತಿಂದ, ಮುಚ್ಚಿಟ್ಟ.

ಯುಗಾದಿಯಾದ ಮೇಲೆ ಮುತ್ಯಾ ಕುರಿ ಹೊಡೆದುಕೊಂಡು ನಿಲಂಗಾದ ಕಡೆ ಹೊರಟ. ಒಂದು ಬದಿಯ ಬಲೆಯನ್ನು ಕಿಟಕಿಯಲ್ಲೇ ಬಿಟ್ಟ. ಶಾಲೆಯ ಸಾಮಾನಿನ ಪಟ್ಟಿಯಲ್ಲಿ ಅದು ವಾಲಿಬಾಲ್ ಬಲೆ ಎಂದು ದಾಖಲಾಗಿದೆಯಂತೆ. ನಿಲಂಗಾದ ಹೊಲಗಳಲ್ಲಿ ಎರಡು ತಿಂಗಳು ಅವನ ಹಟ್ಟಿಗೆ ಮೂರು ಕಡೆ ಬಲೆ, ನಾಲ್ಕನೆಯ ಕಡೆ ಆಯಿಯ ಹಳೆಯ ಸೀರೆಗಳು. ಅದಕ್ಕಾಗಿ ಆಯಿ ಪ್ರತಿದಿನ ಫೋನಿನಲ್ಲಿ ಬೈಯುತ್ತಿದ್ದಳು.

ಜೂನಿನಲ್ಲಿ ಶಾಲೆ ಶುರುವಾದ ಎರಡನೆಯ ವಾರ ಕಾಜಲ ಆ ಬಲೆಯನ್ನು ಮಡಚಿ, ತಲೆಯ ಮೇಲೆ ಹೊತ್ತು ಮನೆಗೆ ತಂದು ಮುತ್ಯಾನ ಮುಂದೆ ಹಾಕಿದಳು.

“ಯಾಕವ್ವಾ?” ಎಂದು ಮುತ್ಯಾ ಕೇಳಿದ.

“ಅದರಾಗ ಚೆಂಡು ಸಿಕ್ಕೊಂತದ, ಮುತ್ಯಾ” ಎಂದಳು. ಕೈಕಾಲು ತೊಳೆಯದೆ ಮತ್ತೆ ಆಡಲು ಓಡಿದಳು. ಶಾಲೆಯ ಮೈದಾನದ ಕಡೆಗೆ.