ಬರ್ತೇನಿ ಅನ್ನದ ಬಾಯಾರು

ಬಾಯಾರ ಎಡಗಿವಿಯ ಹಾಲೆ ಎರಡು ಸೀಳಾಗಿತ್ತು. ಬಲಗಿವಿಯಲ್ಲಿ ಸಣ್ಣ ಬೆಂಡೋಲೆ, ಎಡಕ್ಕೆ ಏನೂ ಇಲ್ಲ. ಮಾತಾಡುವಾಗ ಸೀಳಿನ ಎರಡು ತುದಿಗಳೂ ಬೇರೆ ಬೇರೆಯಾಗಿ ಅಲುಗುತ್ತಿದ್ದವು. ಕೆಲಸಕ್ಕೆ ಸೇರಿದ ದಿನ ನಾನು ಪಾಠ ಬಿಟ್ಟು ಅದನ್ನೇ ನೋಡುತ್ತ ಕುಳಿತದ್ದು ಅವರಿಗೆ ತಿಳಿಯಿತು. ನಾವು ಕೆಲಸಕ್ಕಿದ್ದ ಮನೆಯಲ್ಲಿ ವಾಸವಿದ್ದ ಯಮನಪ್ಪ ಎಂಬಾತ ಓಲೆ ಹಿಡಿದು ಜಗ್ಗಿದ್ದನಂತೆ.

"ತಪ್ಪು ಅವಂದಲ್ಲ. ನಾ ಹಿಂದಿಂದ ಹೋಗಿ ಹೆಗಲ ಮುಟ್ಟಿದ್ದೆ. ಇದು ಮೊದಲನೇ ಪಾಠ" ಎಂದರು.

ಇದು ಎಪ್ಪತ್ತರ ದಶಕದ ಕೊನೆಯ ಮಾತು. ಇಲಕಲ್ಲಿನ ಮಗ್ಗದ ಮನೆಗಳ ಸಾಲಿನಲ್ಲಿ ಊರಿನ ಕೆಲವು ಹಿರಿಯರು ಸೇರಿ ಒಂದು ಮನೆ ಬಾಡಿಗೆಗೆ ಹಿಡಿದಿದ್ದರು. ಊರವರು ಅರೆಬುದ್ಧಿಯವರೆಂದು ಕರೆಯುತ್ತಿದ್ದ, ವಯಸ್ಸಿಗೆ ಬಂದ ಆರು ಜನ ಅಲ್ಲಿ ವಾಸವಿದ್ದರು. ಅವರು ತಮ್ಮ ಸ್ನಾನ, ಊಟ, ಕೆಲಸ ತಾವೇ ಮಾಡಿಕೊಳ್ಳುವಂತೆ ಜೊತೆಗಿದ್ದು ನೆರವಾಗಲು ನಮ್ಮನ್ನು ನೇಮಿಸಿದ್ದರು. ನಮ್ಮನ್ನು ತಿದ್ದುವ ಕೆಲಸ ಬಾಯಾರದು. ಬಾದಾಮಿ ತಾಲೂಕಿನ ಹಳ್ಳಿಗಳಲ್ಲಿ ಹೆರಿಗೆ ಮಾಡಿಸಿ ನಿವೃತ್ತರಾದ ನರ್ಸು ಅವರು; ನಮ್ಮ ಕಡೆ ನರ್ಸಿಗೆ ಬಾಯಾರು ಅನ್ನುವುದು ರೂಢಿ. ಆರು ಜನರಿಗಿಂತ ನಮ್ಮನ್ನು ತಿದ್ದುವುದೇ ಕಷ್ಟ ಎಂದು ಅವರು ಮುಖಕ್ಕೇ ಹೇಳುತ್ತಿದ್ದರು. ಅದು ಬಹುಮಟ್ಟಿಗೆ ನನ್ನ ಬಗ್ಗೆಯೇ.

ನಾನು ಹುನಗುಂದದವನು, ಇಪ್ಪತ್ತೊಂದರ ಹುಡುಗ. ನನಗೆ ಬರುತ್ತಿದ್ದ ವಿದ್ಯೆ ಒಂದೇ: ನಕಲು. ಕುಳಗೇರಿ ಕ್ರಾಸಿನಲ್ಲಿ ಬಸ್ಸಿನ ಏಜೆಂಟ ಮೂಗಿನಿಂದ ಕೂಗುವುದು, ನಮ್ಮ ಹೆಡ್‌ಮಾಸ್ತರರು ಸೀನುವ ಮೊದಲು ಆಕಾಶ ನೋಡುವುದು, ಎಲ್ಲ ಮಾಡಿ ತೋರಿಸುತ್ತಿದ್ದೆ. ಕನ್ನಡಿಯ ಮುಂದೆ ನನ್ನ ನಕಲನ್ನೂ ಮಾಡಿದ್ದೇನೆ. ಅಸಲಿಗಿಂತ ಅದೇ ವಾಸಿ ಅನಿಸಿತ್ತು.

ಬಾಯಾರು ಹೇಳಿದ ಸಂಗತಿ ನಮಗೆ ಹೊಸದು. ಯಮನಪ್ಪನೂ ಇನ್ನಿಬ್ಬರೂ ಹೊಟ್ಟೆಯಲ್ಲಿದ್ದಾಗ ಅವರ ತಾಯಂದಿರು ಸಾರಾಯಿ ಕುಡಿದಿದ್ದರು. ಅದು ಕೂಸಿನ ಮೆದುಳಿಗೆ ತಾಕಿತ್ತು. ದೊಡ್ಡೂರಿನಲ್ಲಿ ಓದಿ ಬಂದ ಒಬ್ಬ ಡಾಕ್ಟರು ತಿಳಿಸಿದ ಮೇಲೆ ಬಾಯಾರಿಗೆ ತಾವು ಎತ್ತಿಕೊಂಡ ಎಷ್ಟೋ ಕೂಸುಗಳ ಮುಖ ಕಣ್ಣಿಗೆ ಕಟ್ಟಿತಂತೆ: ಸಣ್ಣ ಕಣ್ಣು, ತೆಳು ತುಟಿ, ಮೂಗಿನ ಕೆಳಗೆ ಗೆರೆಯೇ ಇಲ್ಲದ ನುಣುಪು. ಅಡಿಗೆಯ ಗಂಗವ್ವ ಇದನ್ನು ಕೇಳಿ ಆ ತಾಯಂದಿರಿಗೆ ಶಾಪ ಹಾಕತೊಡಗಿದಳು. ಬಾಯಾರು ತಡೆದರು.

"ಇಡೀ ದಿನ ಕಲ್ಲು ಹೊತ್ತು ಮೈ ನೋವಿಗೆ ಕುಡಿದ್ರು ಅವರು. ಬ್ಯಾಡ ಅಂತ ಯಾರೂ ಹೇಳಿದ್ದಿಲ್ಲ. ಬಾಜೂಕ ಕುಂತಿದ್ದ ನಾನೂ ಹೇಳಿದ್ದಿಲ್ಲ, ಗಂಗವ್ವಾ."

ಅವರ ಪಾಠಕ್ಕೆ ಪುಸ್ತಕವಿರಲಿಲ್ಲ. ಒಂದು ಸಲಕ್ಕೆ ಒಂದೇ ಮಾತು ಹೇಳಬೇಕು. ನಿನ್ನೆ ಕಲಿತದ್ದು ಇವತ್ತು ನೆನಪಿಲ್ಲದಿದ್ದರೆ ಅದು ಸೊಕ್ಕಲ್ಲ. ನಾಳೆ, ಆಮ್ಯಾಲೆ, ತಡಿ ಎಂಬ ಮಾತುಗಳು ಆ ಆರು ಜನರ ತನಕ ಮುಟ್ಟುವುದಿಲ್ಲ. ಕೇಳಿದ್ದಕ್ಕೆಲ್ಲ ಹೂಂ ಅನ್ನುತ್ತಾರೆ, ನಂಬಬೇಡಿ. ಇದನ್ನು ಪರೀಕ್ಷಿಸಲೆಂದು ನಾನು ಯಮನಪ್ಪನಿಗೆ, "ಚಂದ್ರನ್ನ ತಿಂದಾಂವ ನೀನೇ ಏನು?" ಎಂದು ಕೇಳಿದೆ. ಹೂಂ ಅಂದ. ನಾನು ನಕ್ಕೆ. ಬಾಯಾರು ಕೂಡಲೇ ನನಗೆ ಒಂದೇ ಉಸಿರಿನಲ್ಲಿ ಐದು ಕೆಲಸ ಹೇಳಿದರು. ಹೊರಗೆ ಮಗ್ಗಗಳ ಸದ್ದು, ಒಳಗೆ ಅವರೇ ಜೋರು ಮಾಡಿದ ರೇಡಿಯೋ. ತಿಳೀತೇನು ಅಂದಾಗ ನಾನೂ ಹೂಂ ಅಂದೆ. ಒಳಗೆ ಹೋಗಿ ಖಾಲಿ ಕೊಡ ಹಿಡಿದುಕೊಂಡು ನಿಂತೆ, ಯಾಕೆಂದು ಗೊತ್ತಿರಲಿಲ್ಲ. ಈ ಸಲ ನಕ್ಕವನು ಯಮನಪ್ಪ.

ಯಮನಪ್ಪನಿಗೆ ಇಪ್ಪತ್ತನಾಲ್ಕು ವರ್ಷ. ಹಗಲೆಲ್ಲ ಸಮಾಧಾನಿ. ಸಂಜೆ ಹಗಲಿನ ಕೆಲಸದವರು ಹೊರಟ ಮೇಲೆ ಗೇಟು ಹಿಡಿದು ನಿಂತುಬಿಡುತ್ತಿದ್ದ. ಊಟಕ್ಕೆ ಕರೆದರೆ ಬರುತ್ತಿರಲಿಲ್ಲ, ಗೇಟು ಹಾಕಲು ಬಂದವರನ್ನು ಕಚ್ಚುತ್ತಿದ್ದ. ಸಂಜೆಯ ಪಾಳಿಯವರು ಎರಡು ಸಲ ಕೆಲಸ ಬಿಟ್ಟುಹೋದರು. ಕಡೆಗೆ ಮನೆ ನಡೆಸುವ ಹಿರಿಯರು ಬಂದು, ಅಮಾವಾಸ್ಯೆಯವರೆಗೆ ನೋಡುತ್ತೇವೆ, ಸರಿಹೋಗದಿದ್ದರೆ ದೂರದೂರಿನ, ಬೀಗ ಹಾಕಿ ಕೂಡಿಡುವ ದವಾಖಾನೆಗೆ ಕಳಿಸುತ್ತೇವೆ ಎಂದರು. ಹಾಗೆ ಹೋದ ಯಾರೂ ತಿರುಗಿ ಬಂದದ್ದನ್ನು ಬಾಯಾರು ನೋಡಿರಲಿಲ್ಲ.

ಮರುದಿನ ನಮ್ಮನ್ನೆಲ್ಲ ಕೂಡಿಸಿ ನನ್ನತ್ತ ತಿರುಗಿದರು. "ಯಮನಪ್ಪನ ನಕಲಿ ಭಾಳ ಚೊಲೊ ಮಾಡ್ತಿ ಅಂತ ಕೇಳೇನಿ. ಮಾಡು."

ಬೈಗುಳಕ್ಕೆ ಸಿದ್ಧನಾಗಿಯೇ ಎದ್ದೆ. ಅವನ ಕಾಲೆಳೆವ ನಡಿಗೆ, ಕತ್ತು ಮುಂದೆ ಚಾಚಿ ಗೇಟಿನ ಸರಳು ಹಿಡಿಯುವುದು, ಎಲ್ಲ ತೋರಿಸಿದೆ. ಗಂಗವ್ವ ಸೆರಗು ಬಾಯಿಗೊತ್ತಿ ನಕ್ಕಳು. ಬಾಯಾರು ನಗದೆ ಕೇಳಿದರು:

"ಈಗ ನೀ ಯಮನಪ್ಪ. ಹೇಳಪಾ, ಗೇಟಿನ್ಯಾಗ ಯಾಕ ನಿಂತಿ?"

ನಾನು ಇನ್ನೊಮ್ಮೆ ಕತ್ತು ಚಾಚಿ ಇಲ್ಲದ ಸರಳನ್ನು ಹಿಡಿದೆ.

"ಮ್ಯಾಲಿಂದೆಲ್ಲ ಬಂದೈತಿ. ಒಳಗಿಂದು ಬಂದಿಲ್ಲ. ಹೋಗಿ ಕಲ್ತು ಬಾ."

ಅಂದು ಸಂಜೆ ಬಾಯಾರು ಮೊದಲು ಹೊರಟರು. ನಾನು ಗೇಟಿನ ಬಳಿ ಯಮನಪ್ಪನ ಪಕ್ಕದಲ್ಲಿ ಅವನಂತೆಯೇ ಕತ್ತು ಚಾಚಿ ನಿಂತೆ. ದಾರಿಹೋಕರಿಗೆ ಒಬ್ಬರ ಬದಲು ಇಬ್ಬರು ಕಂಡಿರಬೇಕು. ದೀಪ ಹಚ್ಚುವ ಹೊತ್ತಿಗೆ ಗಂಗವ್ವ ಹೊರಬಂದು "ಬರ್ತೇನಪಾ ಯಮನಪ್ಪಾ" ಎಂದು ಹೇಳಿ ಓಣಿಗಿಳಿದಳು. ಯಮನಪ್ಪ ಗೇಟನ್ನು ಇನ್ನಷ್ಟು ಅಗಲ ತೆರೆದು ಸರಿದು ನಿಂತ. ಅವಳು ತಿರುವಿನಲ್ಲಿ ಮರೆಯಾದಳು. ಇವನು ತೆರೆದುಕೊಂಡೇ ನಿಂತಿದ್ದ. ನಾನು ಗೇಟಿಗೆ ಕೈ ಹಾಕಿದೆ. ನನ್ನ ಮುಂಗೈಗೆ ಹಲ್ಲು ಬಿತ್ತು.

"ಗಂಗವ್ವ ಬರ್ತಾಳ" ಅಂದ ಯಮನಪ್ಪ, ಅಳುಮೋರೆ ಮಾಡಿ.

ಮುಂಗೈ ಹಿಡಿದುಕೊಂಡೇ ಬಾಯಾರ ಮನೆಗೆ ಓಡಿದೆ. ಹೋಗುವವರು ಹೋಗುತ್ತೇನೆ ಅನ್ನಬಾರದೆಂದು ನಾವೆಲ್ಲ ಹುಟ್ಟಿದಾಗಿನಿಂದ ಬರ್ತೇನಿ ಅನ್ನುತ್ತ ಬಂದವರು. ಅವನು ಆ ಮಾತನ್ನು ನಂಬಿದ್ದ. ನಾವು ಸುಳ್ಳು ಹೇಳಿ ಹೋದಮೇಲೆ, ಬರುವವರ ದಾರಿ ಮುಚ್ಚದಂತೆ ಕಾವಲು ನಿಲ್ಲುತ್ತಿದ್ದ. ಬಾಯಾರು ನಾನು ಹೇಳಿದ್ದನ್ನು ಕೇಳಿ, "ದಿನಾ ನಾನೂ ಹಂಗ ಅಂದು ಬಂದೇನಲ್ಲೋ" ಎಂದರು. ಗಾಯ ತೊಳೆದು ಅರಿವೆ ಕಟ್ಟಿದರು. ಹೊಗಳಲಿಲ್ಲ.

ಮರುದಿನದ ಪಾಠ ಎಲ್ಲಕ್ಕಿಂತ ಕಠಿಣವಾಯಿತು. ಇನ್ನು ಮೇಲೆ ಎಲ್ಲರೂ ಹೋಗ್ತೇನಿ ಎಂದೇ ಹೇಳಬೇಕು. ಗಂಗವ್ವ ಕಂಬ ಹಿಡಿದು ನಿಂತುಬಿಟ್ಟಳು. "ದೀಪ ಹಚ್ಚೂ ಹೊತ್ತಿನ್ಯಾಗ ನನ್ನ ಬಾಯಿಲೆ ಅದನ್ನ ಅನ್ನಸ್ತೀರೇನ್ರಿ ಬಾಯಾರ? ಮನ್ಯಾಗ ಮಕ್ಕಳು ಮರಿ ಅದಾವ." ಹೋಗ್ತೇನಿ, ಮುಂಜಾನೆ ಬರ್ತೇನಿ ಅಂದರೆ ನಡೆಯದೇ ಎಂದು ನಾನೊಂದು ಸಂಧಾನ ಹೂಡಿದೆ. ನಡೆಯುವುದಿಲ್ಲ, ಅವನಿಗೆ ಕೊನೆಯ ಮಾತಷ್ಟೇ ನೆನಪುಳಿಯುತ್ತದೆ ಎಂದು ಬಾಯಾರು ತಳ್ಳಿಹಾಕಿದರು.

"ಕೆಟ್ಟದ್ದು ಆಗೂದಿದ್ರ ಮೊದಲು ನನಗ ಆಗ್ಲಿ. ನಾನಽ ಮೊದಲು ಅಂತೇನಿ" ಎಂದರು ಬಾಯಾರು.

ಅಂದು ಸಂಜೆ ಅವರು ಯಮನಪ್ಪನ ಎದುರಿಗೆ ಬಂದು ನಿಂತು ಹೋಗ್ತೇನಿ ಎಂದು ಹೇಳಿ ಹೋದರು. ಗಂಗವ್ವ ಅಳುಕುತ್ತ, ಮನೆದೇವರ ಹೆಸರು ಹೇಳಿ, ಗಂಟಲಲ್ಲೇ ಅಂದಳು. ಯಮನಪ್ಪ ಗೇಟು ಬಿಡಲಿಲ್ಲ. ಎರಡನೆಯ ದಿನವೂ ಇಲ್ಲ. ನಾಲ್ಕನೆಯ ದಿನ ನಾನೇ ಮರೆತು ಬರ್ತೇನಿ ಅಂದು ಎಲ್ಲ ಕೆಡಿಸಿದೆ. ಅಮಾವಾಸ್ಯೆಗೆ ಇನ್ನು ಮೂರು ದಿನವಿದ್ದಾಗ ಯಮನಪ್ಪ ಗಂಗವ್ವನ ಬೆನ್ನಿಗೆ ತಾನೇ ಗೇಟು ಹಾಕಿ, ಅಗಳಿ ಸರಿಸಿ, ಊಟಕ್ಕೆ ಹೋಗಿ ಕುಳಿತ. ಮರುದಿನ ಹಿರಿಯರು ಬಂದು ನೋಡಿ, ಇರಲಿ ಬಿಡ್ರಿ ಎಂದರು. ಆಮೇಲೂ ಕೆಲವು ಸಲ ಕಚ್ಚಿದ್ದುಂಟು. ಹುಡುಕಿದಾಗೆಲ್ಲ ನಮ್ಮದೇ ಯಾವುದೋ ಮಾತು ಸಿಕ್ಕುತ್ತಿತ್ತು.

ಐದಾರು ವರ್ಷದ ಮೇಲೆ ಬಾಯಾರಿಗೆ ಹೊಟ್ಟೆಯಲ್ಲಿ ಗಡ್ಡೆಯಾಯಿತು. ಬಾಗಲಕೋಟೆಯ ತಂಗಿಯ ಮನೆಗೆ ಕರೆದೊಯ್ಯಲು ಜೀಪು ಬಂತು. ನಾವೆಲ್ಲ ಗೇಟಿನಲ್ಲಿ ನಿಂತು, ಕಲಿತದ್ದನ್ನೆಲ್ಲ ಮರೆತು, ಹೋಗಿ ಬರ್ರಿ ಎಂದು ಒಬ್ಬರ ಮೇಲೊಬ್ಬರು ಹೇಳುತ್ತಿದ್ದೆವು. ಅವರು ಎಲ್ಲರಿಗೂ ತಲೆಯಾಡಿಸಿ, ಯಮನಪ್ಪನ ಎದುರಿಗೆ ನಿಂತು, ಒಂದೇ ಮಾತು ಹೇಳಿದರು: "ಹೋಗ್ತೇನಿ." ಅವರು ಜೀಪು ಹತ್ತುವ ಮೊದಲೇ ಅವನು ಗೇಟು ಹಾಕಿಬಿಟ್ಟ. ನನಗೆ ಸಿಟ್ಟು ಬಂತು. ಬಾಯಾರು ಮಾತ್ರ ಜೀಪಿನಲ್ಲಿ ಕುಳಿತು ನಗುತ್ತಿದ್ದರು.

ಎರಡು ತಿಂಗಳು ನಾನು ಬಾಗಲಕೋಟೆಯ ಬಸ್ಸು ಬಂದಾಗಲೆಲ್ಲ ಓಣಿಯ ತಿರುವು ನೋಡುತ್ತಿದ್ದೆ. ಒಂದು ಮಧ್ಯಾಹ್ನ ಅವರ ತಂಗಿಯ ಮಗ ಬಂದ. ಗೇಟಿನ ಹೊರಗೇ ನಿಂತು, "ಬಾಯಾರು ಹೋದ್ರು" ಎಂದ. ಗಂಗವ್ವ ಅಲ್ಲೇ ಕುಸಿದು ಅಳತೊಡಗಿದಳು. ನಾನು ಗೇಟಿನ ಸರಳು ಹಿಡಿದು ನಿಂತೆ.

ಯಮನಪ್ಪ ನಮ್ಮಿಬ್ಬರನ್ನೂ ಒಬ್ಬೊಬ್ಬರಾಗಿ ನೋಡಿದ. ಅವನಿಗೆ ನಮ್ಮ ಗಾಬರಿ ತಿಳಿಯಲಿಲ್ಲ.

"ಹೇಳೇ ಹೋಗ್ಯಾರಲ್ಲ" ಎಂದ.